ಅಕ್ಕನಿಗೆ ಹಾಕಿದ ಹಲಗೆ

ಸೋಮವಾರಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ಚಪ್ಪಲಿ ಹೊಲಿಯುವವರ ಮುಂದೆ ಹಾದುಹೋಗುವಾಗ ಹರಳೆಣ್ಣೆ ಸವರಿದ ಚರ್ಮದ ವಾಸನೆ ಬಂದರೆ ಈಗಲೂ ನನ್ನ ನಡಿಗೆ ತಾನಾಗಿ ನಿಧಾನವಾಗುತ್ತದೆ. ಅದು ನಮ್ಮ ಮನೆಯ ವಾಸನೆ. ಮಾದಾಪುರದ ಆಚೆ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವ ಕೆಲಸ. ಆಳುಗಳಿದ್ದ ಲೈನುಮನೆಗಳ ಸಾಲಿನ ಕೊನೆಯಲ್ಲಿ ನಮ್ಮದು ಪುಟ್ಟ ಕ್ವಾರ್ಟರ್ಸು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಒದ್ದೆ ಬಟ್ಟೆಗಳ ಜೊತೆ ಅಕ್ಕನ ಕ್ಯಾಲಿಪರ್ ಕೂಡ ಏರುತ್ತಿತ್ತು. ಪೋಲಿಯೊ ತೆಳ್ಳಗೆ ಮಾಡಿಟ್ಟಿದ್ದ ಅವಳ ಎಡಗಾಲನ್ನು ನೆಟ್ಟಗೆ ನಿಲ್ಲಿಸುತ್ತಿದ್ದ ಉಕ್ಕಿನ ಸರಳು, ಚರ್ಮದ ಪಟ್ಟಿ, ದಪ್ಪ ಬೂಟು. ಬೂಷ್ಟು ಹಿಡಿಯದಿರಲೆಂದು ಅವ್ವ ಪಟ್ಟಿಗಳಿಗೆ ಎಣ್ಣೆ ತಿಕ್ಕುತ್ತಿದ್ದಳು. ಬೆಳಿಗ್ಗೆ ಆ ಬೆಚ್ಚನೆಯ ಪಟ್ಟಿಗಳನ್ನು ಬಿಗಿದುಕೊಳ್ಳುತ್ತ ಅಕ್ಕ ಸುಮಿತ್ರ, "ಊರಿಗೆಲ್ಲ ಚಳಿ, ನನ್ನ ಕಾಲು ಮಾತ್ರ ಬಿಸಿನೀರು ಮಿಂದು ಬಂದಂಗದೆ ಕಣೇ" ಎಂದು ನನ್ನನ್ನು ಅಣಕಿಸುತ್ತಿದ್ದಳು.

ಲೈನಿನವರು ಅವಳನ್ನು ಕುಂಟವ್ವ ಎಂದೇ ಕರೆಯುತ್ತಿದ್ದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಆದರೆ ಅಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ಎಸ್ಟೇಟಿನಲ್ಲಿ ಮರ್ಯಾದೆಯುಳ್ಳದ್ದೆಲ್ಲ ಇಂಗ್ಲಿಷಿನಲ್ಲೇ ಇರುತ್ತಿತ್ತಲ್ಲ, ಹಾಗಾಗಿ ಆಸ್ಪತ್ರೆಯಲ್ಲಿ ಕೇಳಿದ 'ಹ್ಯಾಂಡಿಕ್ಯಾಪ್ಡ್' ಎಂಬ ಮಾತನ್ನು ಅವರು ಒಡವೆಯಂತೆ ಜೋಪಾನವಾಗಿ ತಂದು ಎಲ್ಲರಿಗೂ ಕಲಿಸಿದರು. ತಮಿಳು, ಮಲಯಾಳ, ತುಳು ಆಡುವ ಬಾಯಿಗಳಲ್ಲೆಲ್ಲ ಅದು ಬೇರೆಬೇರೆ ರೂಪ ತಾಳಿತು. "ರೈಟ್ರೇ, ನಿಮ್ಮ ಹ್ಯಾಂಡಿಕ್ಯಾಪ್ ಮಗಳು ಹೆಂಗವ್ಳೆ?" ಎಂದು ಕಾಫಿಹಣ್ಣು ಬಿಡಿಸುವ ಪಿಕ್ಕಿಂಗಿಗೆ ಹೊರಟ ಹೆಂಗಸರು ಪ್ರೀತಿಯಿಂದಲೇ ಕೇಳುವರು. ಅಪ್ಪನ ಮುಖ ಅರಳುತ್ತಿತ್ತು, ಅಕ್ಕನದು ಗಂಟಾಗುತ್ತಿತ್ತು. ಆಮೇಲೊಮ್ಮೆ ನರ್ಸ್ ಒಬ್ಬರು ಹಾಗೆನ್ನಬಾರದು, 'ಡಿಸೇಬಲ್ಡ್' ಎನ್ನಬೇಕು ಎಂದರಂತೆ. ಅಪ್ಪ ಅಂದಿನಿಂದ ಲೈನಿನವರ ಮಾತು ತಿದ್ದುತ್ತ ಓಡಾಡಿದರು. ಅಕ್ಕ ಒಂದು ದಿನ ಊಟಕ್ಕೆ ಕೂತಿದ್ದಾಗ ಹೇಳಿದಳು: "ಅಪ್ಪಾ, ಮಾತು ನೀವು ಎಷ್ಟಾದ್ರೂ ಬದಲಾಯ್ಸಿ. ಇಸ್ಕೂಲಿನ ಮೆಟ್ಟಿಲು ಇದ್ದಲ್ಲೇ ಅದೆ."

ಆ ಮೆಟ್ಟಿಲುಗಳನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ. ಕೆಲವೇ ಮೆಟ್ಟಿಲು, ಆದರೆ ಒಂದೊಂದೂ ಮೊಣಕಾಲೆತ್ತರ, ಹಿಡಿದುಕೊಳ್ಳಲು ಏನೂ ಇಲ್ಲ. ಅವ್ವ ಅಕ್ಕನನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿ ಕೆಲಸಕ್ಕೆ ಓಡುತ್ತಿದ್ದಳು. ಹೈಸ್ಕೂಲಿಗೆ ಬರುವಷ್ಟರಲ್ಲಿ ಅಕ್ಕ ಅವ್ವನಷ್ಟೇ ಎತ್ತರವಾಗಿದ್ದಳು. "ಸುಮಿತ್ರನ ಕುದುರೆ ಬಂತು" ಎಂದು ಹುಡುಗಿಯರು ಕಿಸಕ್ಕನೆ ನಕ್ಕ ದಿನ ಸಂಜೆ ಅಕ್ಕ, "ನಾಳೆಯಿಂದ ನನ್ನ ಎತ್ಕಂಡು ಹೋಗಂಗಿದ್ರೆ ನಾನು ಓದೋದೇ ಬ್ಯಾಡ" ಎಂದಳು.

"ಮತ್ತೆ ಹಾರ್ಕಂಡು ಹೋಗ್ತೀಯೇನೇ?" ಎಂದಳು ಅವ್ವ.

ಅಕ್ಕ ನಿಜಕ್ಕೂ ಮನೆಯಲ್ಲೇ ಉಳಿದಳು. ಅದು ಕಾಫಿ ಸಾಗಿಸುವ ಕಾಲ. ಕಣದಲ್ಲಿ ನಿಂತ ಲಾರಿಗೆ ಉದ್ದನೆಯ ಹಲಗೆ ಒರಗಿಸಿ, ಅದರ ಮೇಲೆ ನಡೆದು ಆಳುಗಳು ಮೂಟೆ ಏರಿಸುತ್ತಿದ್ದರು. ಅಪ್ಪನಿಗೆ ಕಾಫಿ ಕೊಡಲು ನಾವಿಬ್ಬರೂ ಹೋಗಿದ್ದೆವು. ಅಕ್ಕ ಅದನ್ನೇ ನೋಡುತ್ತ ನಿಂತಿದ್ದು, ಎಲ್ಲರೆದುರೇ ಕೇಳಿಬಿಟ್ಟಳು: "ಅಪ್ಪಾ, ಕಾಫಿ ಮೂಟೆಗೆ ಹಲಗೆ ಹಾಕ್ತೀರ. ನಂಗ್ಯಾಕೆ ಹಾಕಲ್ಲ?"

ಆಳುಗಳು ನಕ್ಕರು. ಅಪ್ಪ ನಗಲಿಲ್ಲ. ಆ ಭಾನುವಾರವೇ ಎರಡು ಹಳೆಯ ಹಲಗೆಗಳನ್ನು ಜೋಡಿಸಿ, ಕಾಲು ಜಾರದಂತೆ ಅಡ್ಡಪಟ್ಟಿ ಹೊಡೆದು ಶಾಲೆಗೆ ಹೊರಿಸಿಕೊಂಡು ಹೋದರು. "ಮಕ್ಕಳು ಜಾರಬಂಡೆ ಮಾಡ್ಕೋತಾವೆ ರೈಟ್ರೇ" ಎಂದರು ಹೆಡ್‌ಮಾಸ್ತರು. "ಮಾಡ್ಕಳ್ಳಿ ಸಾರ್, ನನ್ನ ಮಗಳು ಹತ್ತಿದ ಮೇಲೆ" ಎಂದರು ಅಪ್ಪ.

ಮರುದಿನ ಬೆಳಿಗ್ಗೆ ಇಬ್ಬನಿಗೆ ಹಲಗೆ ನೆನೆದಿತ್ತು. ಅರ್ಧ ಹತ್ತಿದ್ದ ಅಕ್ಕನ ಊರುಗೋಲು ಜಾರಿ, ಅವಳು ಇಡೀ ಶಾಲೆಯ ಎದುರು ಕುಸಿದು ಕೂತಳು. ಗೇಟಿನ ಬಳಿಯಿದ್ದ ಅವ್ವ ಓಡಿಬಂದಳು.

"ಅವ್ವಾ, ಎತ್‌ಬ್ಯಾಡ!"

ಚಾಚಿದ ಕೈ ಹಾಗೇ ನಿಂತಿತು. ಅಕ್ಕ ಹಲಗೆಯ ಅಂಚು ಹಿಡಿದು ಎದ್ದಳು. ಕ್ಯಾಲಿಪರಿನ ಮೊಣಕಾಲ ಕೀಲು ಟಕ್ಕೆಂದು ಕೂತ ಸದ್ದು ನನಗೂ ಕೇಳಿಸಿತು. ಮೇಲೆ ತಲುಪಿ ತಿರುಗಿ ನಿಂತವಳು, "ನೋಡಿದ್ದಾಯ್ತಾ? ಬೆಲ್ ಹೊಡೀತು, ನಡೀರಿ ಒಳಗೆ" ಎಂದು ಎಲ್ಲರನ್ನೂ ಗದರಿದಳು.

ಆ ಹಲಗೆಯಂಥ ಇಳಿಜಾರಿಗೆ ರ್‍ಯಾಂಪ್ ಎನ್ನುತ್ತಾರೆಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ಅಕ್ಕ ತಾನೇ ಟೀಚರಾಗಿದ್ದಳು. ಹೋದ ಶಾಲೆಯಲ್ಲೆಲ್ಲ ಮೊದಲು ಅದನ್ನು ಕೇಳಿ, ಕಟ್ಟಿಸುವವರೆಗೆ ಬಿಡುತ್ತಿರಲಿಲ್ಲ. ವಾಕರ್, ವೀಲ್‌ಚೇರ್, ಆಕ್ಸೆಸಿಬಲ್ ಎಂಬ ಮಾತುಗಳೆಲ್ಲ ಅವಳಿಂದಲೇ ನನಗೆ ಬಂದವು. ಅಪ್ಪ ಈಗಿಲ್ಲ. ಕ್ವಾರ್ಟರ್ಸಿದ್ದ ಜಾಗದಲ್ಲಿ ಕಾಫಿ ಗಿಡಗಳಿವೆ. ಬೆಳೆದ ಮನೆ ನೆಲಸಮವಾದದ್ದನ್ನು ನೀವೂ ಕಂಡಿದ್ದರೆ, ಅಲ್ಲಿ ನಿಂತಾಗ ಅಡುಗೆಮನೆ ಎಲ್ಲಿತ್ತೆಂದು ಕಾಲೇ ಹುಡುಕುತ್ತದೆ ಎಂಬುದೂ ಗೊತ್ತಿರುತ್ತದೆ.

ಹೋದ ಮಳೆಗಾಲದಲ್ಲಿ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಳು. ನನ್ನ ಮನೆಯ ಮುಂದೆ ಆಂಬ್ಯುಲೆನ್ಸ್ ನಿಂತಾಗ ನೆರೆಯ ಗಂಡಸರು ಅವಳನ್ನು ಇಳಿಸಲು ಬಂದರು.

"ತಡೀರಪ್ಪ" ಎಂದಳು ಅವ್ವ.

ಹಲಗೆಯ ಆ ಬೆಳಿಗ್ಗೆಯಿಂದೀಚೆಗೆ, ಎಂಥ ಜ್ವರದಲ್ಲೂ, ಅವ್ವ ಕೇಳದೆ ಅಕ್ಕನನ್ನು ಎತ್ತಿದವಳಲ್ಲ. ನನ್ನ ಭುಜ ಹಿಡಿದುಕೊಂಡು ಬಾಗಿ, ಅವಳ ಕಿವಿಯ ಹತ್ತಿರ ಕೇಳಿದಳು: "ಎತ್ತಲೇನೇ ಮಗಾ?"

ಯಾವಾಗಲೂ ಕಾಯುತ್ತಿದ್ದಷ್ಟು ಹೊತ್ತು ಕಾದಳು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.