ಹಸು ಹಾಯ್ದ ಕಣ್ಣು

ನನ್ನ ಗಂಡನ ಬಲಗಣ್ಣು ಗಾಜಿನದು. ರಿಪ್ಪನ್‌ಪೇಟೆಯ ನಮ್ಮ ಮನೆಗೆ ಕೋಣಂದೂರಿನಿಂದ ಹೆಣ್ಣು ನೋಡಲು ಬಂದಾಗ ಅತ್ತೆಯೇ ಹೇಳಿದ್ದರು: ‘ಸಣ್ಣೋನಿದ್ದಾಗ ಹಸು ಹಾಯ್ತು.’ ಗಂಡನೂ ಅದನ್ನೇ ನಂಬಿದ್ದರು.

ಎಂಬತ್ತರ ದಶಕದ ಮೊದಲಲ್ಲಿ ಮಗಳು ಹುಟ್ಟಿದಳು. ಅಂಬೆಗಾಲಿಡುತ್ತಿದ್ದ ಕೂಸು ಒಂದು ಸಂಜೆ ಲಾಟೀನಿನ ಕಡೆ ತಿರುಗಿದರೆ, ಒಂದು ಕಣ್ಣಿನ ಪಾಪೆ ಬೆಕ್ಕಿನದರ ಹಾಗೆ ಬೆಳ್ಳಗೆ ಹೊಳೆಯಿತು. ನೆರೆಯವರು ಅದೃಷ್ಟ ಎಂದರು. ಅತ್ತೆ ಮಾತ್ರ ಎದ್ದು ಒಳಗೆ ಹೋದರು. ತಿಂಗಳುಗಳು ಕಳೆದು ಕಣ್ಣು ಕೆಂಪಾಗಿ ಊದಿಕೊಂಡ ಮೇಲೆ ತೀರ್ಥಹಳ್ಳಿಯ ಡಾಕ್ಟರು ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಕಳಿಸಿದರು.

‘ಮನೇಲಿ ಯಾರಿಗಾದ್ರೂ ಚಿಕ್ಕಂದಿನಲ್ಲೇ ಕಣ್ಣು ಹೋಗಿದೆಯಾ?’ ಎಂದು ಅಲ್ಲಿನ ಡಾಕ್ಟರಮ್ಮ ಕೇಳಿದರು. ನಾನು ಹಸುವಿನ ಕತೆ ಹೇಳಿದೆ. ಅವರು ಗಂಡನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

‘ಘಟ್ಟ ಇಳಿಯೋ ಬಸ್ಸಿಗೆ ಎರಡು ಬ್ರೇಕ್ ಇರ್ತದಲ್ಲ, ಹಾಗೇ ಒಂದೊಂದು ಜೀವಕೋಶಕ್ಕೂ ಬೆಳವಣಿಗೆ ತಡೆಯೋ ಜೀನ್ ಜೋಡಿ ಇರ್ತದೆ. ಅಪ್ಪನದೊಂದು, ಅಮ್ಮನದೊಂದು. ಒಂದು ಹುಟ್ಟುವಾಗಲೇ ಕೆಟ್ಟಿದ್ರೆ ಇನ್ನೊಂದರ ಮೇಲೆ ನಡೀತದೆ. ಅದೂ ಕೆಟ್ಟರೆ ಗಡ್ಡೆ ಬೆಳೀತಾನೇ ಹೋಗ್ತದೆ. ಇದು ಕ್ಯಾನ್ಸರ್. ಮೊದಲೇ ಬಂದಿದ್ರೆ...’ ಎಂದು ನಿಲ್ಲಿಸಿದರು. ಕಣ್ಣು ತೆಗೆದರೂ ಮಗಳು ಉಳಿಯಲಿಲ್ಲ.

ಸೂತಕ ಕಳೆದ ಮೇಲೆ ಅತ್ತೆ ಒಲೆಯ ಮುಂದೆ ಬಾಯಿಬಿಟ್ಟರು. ‘ಹಸು ಹಾಯ್ದದ್ದಲ್ಲ ಕಣೆ. ಇವನಿಗೂ ಹೀಂಗೇ ಹೊಳೀತಿತ್ತು. ಕಣ್ಣು ತೆಗೆಸಿದ್ವಿ. ಹೇಳಿದ್ರೆ ನೀನು ಈ ಮನೆಗೆ ಬರ್ತಿದ್ಯಾ?’

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಇವರು ಹೇಳಿದ್ದು ಒಂದೇ. ಅಷ್ಟೇ ಸಾಕಾಯಿತು. ನಾನು ಅತ್ತೆಯೊಡನೆ ಮಾತು ಬಿಟ್ಟೆ.

ಮಗ ಹುಟ್ಟಿದ ಕೆಲವೇ ವಾರಗಳಲ್ಲಿ ಅದೇ ಆಸ್ಪತ್ರೆಗೆ ಹೊರಟೆವು. ಬೇಡವೆಂದರೂ ಅತ್ತೆ ಬಸ್ಸು ಹತ್ತಿದರು. ಡಾಕ್ಟರು ಹೊಸಬರು, ಪ್ರಶ್ನೆ ಹಳೆಯದೇ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಂದರು: ‘ಇವನಪ್ಪನಿಗಿತ್ತು. ಮುಚ್ಚಿಟ್ಟೋಳು ನಾನು.’

ಮಗುವಿನ ಕಣ್ಣಿನೊಳಗೆ ರಾಗಿಕಾಳಿನಷ್ಟು ಗಡ್ಡೆಯಿತ್ತು. ಪಾಪೆಯ ಮೂಲಕ ಪ್ರಖರವಾದ ಬೆಳಕು ಹಾಯಿಸಿ ಅದನ್ನು ಸುಟ್ಟರು. ಮತ್ತೆ ಮತ್ತೆ ಹೋಗಿ ತೋರಿಸಿದೆವು. ಕಣ್ಣು ಉಳಿಯಿತು, ಮಗನೂ ಉಳಿದ.

ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ದಿನ, ವಾಪಸು ಬರುವ ಬಸ್ಸಿನಲ್ಲಿ ಮಗು ಅತ್ತೆಯ ಮಡಿಲಲ್ಲಿ ನಿದ್ದೆಹೋಗಿತ್ತು. ಒಲೆಯ ಮುಂದೆ ಅವರು ಕೇಳಿದ್ದಕ್ಕೆ ಅಲ್ಲಿ ಉತ್ತರ ಕೊಟ್ಟೆ.

‘ಬರ್ತಿರ್ಲಿಲ್ಲ ಅತ್ತೆ.’

‘ಗೊತ್ತು’ ಎಂದು ಅವರು ಮಗುವಿನ ತಲೆಗೆ ಸೆರಗು ಹೊದಿಸಿದರು.