ವಾಷರ್ ಅಡಿಯ ಲೋಹ

ನಮ್ಮಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಅವಳಿರುವುದು ಲೋಹ ಪರೀಕ್ಷಿಸುವ ಲ್ಯಾಬಿನಲ್ಲಿ. ನಿಕಲ್ ಬೆರೆತ ಲೋಹದ ಬಿಲ್ಲೆಗಳನ್ನು ತಿಂಗಳುಗಟ್ಟಲೆ ಬಿಸಿ ಉಪ್ಪುನೀರಿನಲ್ಲಿ ಮುಳುಗಿಸಿಟ್ಟು, ಸವೆದವೋ ಇಲ್ಲವೋ ಎಂದು ತೂಗಿ ಹೇಳುವುದು ಅವಳ ಕೆಲಸ. ಮನೆಯ ಅಡುಗೆಗೆ ಮಾತ್ರ ಉಪ್ಪು ಮರೆಯುತ್ತಾಳೆ.

"ದಿನವಿಡೀ ಉಪ್ಪಲ್ಲೇ ಇರ್ತೀಯ, ಒಂದು ಚಿಟಿಕೆ ಮನೆಗೂ ತರಬಾರದೇನೇ?" ಎಂದು ಭಾವ ಕಿಚಾಯಿಸುತ್ತಾರೆ. ಅವರು ಸಮುದ್ರದ ನೀರನ್ನು ಕುದಿಸಿ ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿನ ಪೈಪುಗಳೆಲ್ಲ ಅಕ್ಕ ಪಾಸು ಮಾಡಿದ ಲೋಹದವೇ. ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದವರೂ ಭಾವನೇ.

ಬಿಲ್ಲೆಗಳಿಗೆ ಎರಡೂ ಕಡೆ ರಬ್ಬರ್ ವಾಷರ್ ಇಟ್ಟು ಬೋಲ್ಟ್ ಬಿಗಿದಿರುತ್ತಾರೆ. ಬಿಚ್ಚಿದರೆ ಮತ್ತೆ ಅದೇ ಬಿಗಿ ಬರುವುದಿಲ್ಲವೆಂದು ಲ್ಯಾಬಿನವರೆಲ್ಲ ವಾಷರ್ ಸಮೇತವೇ ತೂಗುತ್ತಿದ್ದರು. ತೂಕ ಕೂದಲೆಳೆಯಷ್ಟೂ ಕದಲುತ್ತಿರಲಿಲ್ಲ. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೇನು ಬೇಕು?

ಅಂದು ನಾನು ಊಟದ ಡಬ್ಬಿ ಕೊಡಲು ಹೋಗಿದ್ದೆ. ಅಕ್ಕನ ಕೈಯಲ್ಲಿ ಹಳೆಯ ವಾಷರೊಂದು ಹರಿದು ಬಂತು. ಅದರಡಿಯಲ್ಲಿ ಹಸಿರು ಕೆಸರು. ಒರೆಸಿದಳು. ಸೂಜಿ ಚುಚ್ಚಿದಳು. ಸೂಜಿ ಇಳಿಯುತ್ತಲೇ ಹೋಯಿತು. ಲೋಹ ಒಳಗೇ ಕರಗಿತ್ತು. ಕರಗಿದ್ದೆಲ್ಲ ವಾಷರಡಿಯಲ್ಲೇ ಸಿಕ್ಕಿಕೊಂಡು ತೂಕವನ್ನು ಸರಿದೂಗಿಸಿತ್ತು!

"ಅಯ್ಯೋ, ಕಾರ್ಖಾನೇಲಿ ಪೈಪಿನ ಪ್ರತಿ ಜೋಡಣೆಗೂ ಇಂಥದ್ದೇ ರಬ್ಬರ್ ಗ್ಯಾಸ್ಕೆಟ್ ಇದೆಯಲ್ಲೋ! ನಿನ್ ಭಾವ ಅದರ ಪಕ್ಕದಲ್ಲೇ ಇರ್ತಾರೆ!"

ಭಾವ ಫೋನ್ ಎತ್ತಲಿಲ್ಲ. ಅಕ್ಕನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಜೀವ ಕೈಯಲ್ಲಿ ಹಿಡಿದು ಓಡಿಸಿದೆ. ಕಾರ್ಖಾನೆಯಲ್ಲಿ ಪಂಪು ಗುಡುಗುತ್ತಿತ್ತು. ಭಾವ ಪೈಪಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಸ್ಪ್ಯಾನರ್ ಒರೆಸುತ್ತಿದ್ದರು.

"ಈಚೆ ಬನ್ನಿ! ಬನ್ನಿ ಅಂದ್ರೆ ಬನ್ನಿ!" ಅಕ್ಕ ಕಿರುಚಿದಳು.

ಮ್ಯಾನೇಜರ್ ಅಡ್ಡ ಬಂದರು. "ಒಂದು ಹನಿ ಸೋರಿಲ್ಲ. ಪಂಪು ಯಾಕಮ್ಮ ನಿಲ್ಲಿಸ್ಬೇಕು?"

"ಪಾಸು ಮಾಡಿದವಳೇ ಫೇಲು ಅಂತಿದೀನಿ. ನಿಲ್ಲಿಸ್ರೀ!"

ಪಂಪು ನಿಂತಿತು. ಪೈಪು ಆರಿದ ಮೇಲೆ ಭಾವನೇ ಬೋಲ್ಟು ಬಿಚ್ಚಿ ಗ್ಯಾಸ್ಕೆಟ್ ಎಬ್ಬಿಸಿದರು. ಹೊರಗಿನಿಂದ ಹೊಸದರಂತಿದ್ದ ಲೋಹದ ಒಳಗೆ ಬೆರಳು ಹೋಗುವಷ್ಟು ಹಳ್ಳ. ಹೊರ ಅಂಚಿಗೆ ಉಳಿದದ್ದು ಉಗುರಿನಷ್ಟು ತೆಳು ಗೋಡೆ. ಅದು ಒಡೆದಿದ್ದರೆ ಕುದಿಯುವ ಉಪ್ಪುನೀರು ನೇರ ಭಾವನ ಮುಖಕ್ಕೇ ಹಾರುತ್ತಿತ್ತು.

ಅಕ್ಕ ಭಾವನ ಎರಡೂ ಕೈ ಹಿಡಿದುಕೊಂಡು ಗಳಗಳನೆ ಅತ್ತಳು. "ನೀವು ಉಳಿದ್ರಲ್ಲ, ಅಷ್ಟು ಸಾಕು. ಮನೆಗೆ ಹೋಗೋಣ."

ಭಾವ ಅಲುಗಾಡಲಿಲ್ಲ. ಆ ಹಳ್ಳವನ್ನೇ ನೋಡುತ್ತಿದ್ದರು.

"ಈ ಲೋಹ ಬೇರೆ ಎಲ್ಲೆಲ್ಲಿಗೆ ಪಾಸು ಮಾಡಿದೀಯೇ?"

ಅಕ್ಕನ ಅಳು ಥಟ್ಟನೆ ನಿಂತಿತು. ಫೋನ್ ತೆಗೆದಳು. ಅದನ್ನು ನನ್ನ ಕೈಗೆ ತುರುಕಿ, ಪಾಸು ಮಾಡಿದ ಜಾಗಗಳನ್ನು ಬೆರಳು ಮಡಿಸಿ ಎಣಿಸತೊಡಗಿದಳು.

"ಮೊದಲು ಆಸ್ಪತ್ರೆ ಬಾಯ್ಲರ್ ರೂಮಿಗೆ ಮಾಡೋ," ಎಂದಳು.