ಇಂದಾಪುರದ ಓಣಿಯ ಹನ್ನೊಂದು ಮನೆಗಳು

ಪುಣೆಯ ಸ್ವಾರಗೇಟಿನಿಂದ ಇಂದಾಪುರದ ಎಸ್‌ಟಿ ಬಸ್ಸು ಬೆಳಿಗ್ಗೆ ಏಳಕ್ಕೆ ಬಿಟ್ಟಿತು. ಹೆಂಗಸರಿಗೆ ಅರ್ಧ ಟಿಕೆಟ್. ಕಿಟಕಿಯ ಸೀಟೂ ಸಿಕ್ಕಿತು. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಹಾಗಾಗಿ ಇದನ್ನೆಲ್ಲ ಅದೇ ದಿನ ಬರೆದಿಟ್ಟುಕೊಂಡೆ.

ಹೋದ ಕೆಲಸ ಚಿಕ್ಕದು. ವಿಜಯಪುರದ ಕಡೆಯಿಂದ ಬಂದು ನೆಲೆಸಿದ ವ್ಯಾಪಾರಿಗಳ ಓಣಿಯೊಂದು ಅಲ್ಲಿದೆ. ಹಳೆಯ ಸಮೀಕ್ಷೆಯೊಂದರ ಪ್ರಕಾರ ಅದರ ಹನ್ನೊಂದೂ ಮನೆಗಳ ಮಾತೃಭಾಷೆ ಮರಾಠಿ. ಅದನ್ನೇ ನಂಬಿ, ಅಲ್ಲಿ ಕನ್ನಡ ಅಳಿದಿದೆ ಎಂದು ನನ್ನ ಪಿಎಚ್‌ಡಿ ಪ್ರಬಂಧದ ಇಡೀ ಅಧ್ಯಾಯ ಬರೆದಿದ್ದೆ. ಸೋಮವಾರ ಗೈಡ್‌ಗೆ ಒಪ್ಪಿಸಬೇಕು. ಬೇರೆಯವರು ಕೂಡಿಸಿಟ್ಟ ಮಾಹಿತಿಯನ್ನು ಒಮ್ಮೆ ಸ್ವತಃ ಕೇಳಿ ಖಚಿತ ಮಾಡಿಕೊಂಡರೆ ಯಾರೂ ಬೆರಳು ತೋರಿಸಲಾರರು ಎಂಬ ಧೈರ್ಯ.

ಭಿಗವಣದಲ್ಲಿ ಬಸ್ಸು ನಿಂತಾಗ ವಡಾಪಾವ್ ತಿಂದೆ. ಹತ್ತೂವರೆಗೆ ಇಂದಾಪುರ, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಮೊದಲ ಮೂರು ಮನೆಗಳ ಬಾಗಿಲಲ್ಲಿ ನಿಂತು ಮರಾಠಿಯಲ್ಲಿ ಕೇಳಿದೆ. ಮೂರೂ ಕಡೆ ಉತ್ತರ ಮರಾಠಿ. ನಾಲ್ಕನೆಯದು ಬಟ್ಟೆ ವ್ಯಾಪಾರಿಗಳ ಮನೆ. ಅಲ್ಲಿಯ ಅಜ್ಜಿಯೂ ಮರಾಠಿ ಎಂದೇ ಬರೆಸಿ, ಒಳಗೆ ತಿರುಗಿ ಸೊಸೆಗೆ ಕೂಗಿ ಹೇಳಿದರು: "ಸುವರ್ಣಾ, ಚಾ ಇಡು! ಪುಣೇದಿಂದ ಮ್ಯಾಡಮ್ ಬಂದಾರ, ಬಿಸಲಾಗ ಭಾಳ ದಣದಾರ."

ನನ್ನ ಪೆನ್ನು ನಿಂತಿತು. "ಅಜ್ಜಿ, ಮನ್ಯಾಗ ಕನ್ನಡ ಮಾತಾಡ್ತೀರಿ, ಮರಾಠಿ ಅಂತ ಯಾಕ ಬರಸಿದ್ರಿ?"

"ಅಯ್ಯ, ನೀನೂ ನಮ್ಮಾಕಿನೇ ಏನ!" ಅಜ್ಜಿ ನಕ್ಕರು. "ಬಾಗಲಾಗ ನಿಂತು ಮರಾಠಿಯೊಳಗ ಕೇಳಿದಿ, ಮರಾಠಿ ಅಂದೆ. ಹೊಸ್ತಿಲದ ಹೊರಗ ನಮ್ದು ಅದೇ ಭಾಷಾ. ಹಿಂದ ಬರಕೊಳ್ಳಾಕ ಬಂದ ಮಾಸ್ತರಗೂ ಹಂಗ ಹೇಳಿದ್ದೆ. ಅಂವಾನೂ ಚಪ್ಪಲಿ ಬಿಡಲಿಲ್ಲ, ನೀನೂ ಬಿಡಲಿಲ್ಲ."

"ಒಳಗ ಬರ್ರಿ ಅಕ್ಕಾರ," ಸುವರ್ಣಾ ಅಡುಗೆಮನೆಯಿಂದಲೇ ಕರೆದರು. "ಅತ್ತಿ ಬೈದವ್ರಿಗೆ ಸಕ್ರಿ ಒಂಚೂರು ಜಾಸ್ತಿ ಹಾಕಸ್ತಾರ."

ನಾನು ಸ್ವತಃ ಸಂಗ್ರಹಿಸಿದ ಉತ್ತರಗಳು ಹಳೆಯ ಪಟ್ಟಿಯ ನಕಲಾಗಿದ್ದವು: ಅದೇ ಹೊಸ್ತಿಲು, ಅದೇ ಭಾಷೆಯ ಪ್ರಶ್ನೆ. ಪುಣೆಯ ನಮ್ಮ ಮನೆಯ ಬಾಗಿಲಿಗೆ ಗಣತಿಯವರು ಬಂದಾಗ ನಾನೇನು ಬರೆಸಿದ್ದೆ? ನೆನಪಾಗಲಿಲ್ಲ. ಮರಾಠಿ ಎಂದೇ ಇರಬೇಕು.

ಚಹಾ ಮುಗಿಸಿ ಮೊದಲಿನ ಮೂರು ಮನೆಗಳಿಗೆ ಮತ್ತೆ ಹೋಗಿ, ಒಳಗೆ ಕೂತು ಕನ್ನಡದಲ್ಲಿ ಕೇಳಿದೆ. ಎರಡು ಮನೆಯವರು ಕನ್ನಡದಲ್ಲೇ ಮಾತಿಗಿಳಿದರು. ಮೂರನೆಯ ಮನೆಯಾತ ನಾನು ಹೇಳಿದ್ದು ತಿಳಿಯದೆ ಹೆಂಡತಿಯನ್ನು ಕರೆದ, ಆಕೆಗೂ ತಿಳಿಯಲಿಲ್ಲ. ಅವರು ನಿಜಕ್ಕೂ ಮರಾಠಿಯವರು. ಅದನ್ನೂ ಬರೆದುಕೊಂಡೆ. ನಾಲ್ಕೂವರೆಯೊಳಗೆ ಓಣಿ ಮುಗಿಯಿತು: ಎಂಟು ಮನೆಗಳಲ್ಲಿ ಕನ್ನಡವಿತ್ತು.

ಮರಳುವ ಬಸ್ಸಿನಿಂದ ಗೈಡ್‌ಗೆ ಫೋನ್ ಮಾಡಿ, ಸೋಮವಾರ ಅಧ್ಯಾಯ ಕೊಡುವುದಿಲ್ಲ ಎಂದೆ. ತಿದ್ದುವುದು ಅಷ್ಟೊಂದಿದೆಯೇ ಎಂದು ಕೇಳಿದರು. ತಿದ್ದುವುದಿಲ್ಲ ಸರ್, ಮೊದಲಿನಿಂದ ಬರೆಯುತ್ತೇನೆ ಎಂದೆ. ಪುಣೆಯ ಅಂಚಿನ ಹಡಪ್ಸರ ಬರುವಷ್ಟರಲ್ಲಿ ಒಂದೂವರೆ ಪುಟ ಆಗಿತ್ತು.